ರಿಮೋಟ್ ಟ್ಯಾಂಕ್ ಮಣ್ಣಿನಲ್ಲಿ ಏಕೆ ತಿರುಗುವುದಿಲ್ಲ?

ವಾಣಿಜ್ಯ ವಿಭಾಗದ ಹುಡುಗ ಟ್ಯಾಂಕಿನ ಬಗ್ಗೆ ಬರೆಯುತ್ತಿದ್ದಾನೆಂದು ನಗಬೇಡಿ. ವಿಜ್ಞಾನ ವಸ್ತುಪ್ರದರ್ಶನದ ತಂಡಕ್ಕೆ ನನ್ನನ್ನು ಸೇರಿಸಿಕೊಂಡದ್ದು ಖರ್ಚಿನ ಲೆಕ್ಕ ಬರೆಯಲಿಕ್ಕೆ. ಟ್ಯಾಂಕ್ ನಮ್ಮಣ್ಣನದು, ಹಳೆಯದು, ರಿಮೋಟಿನಲ್ಲಿ ಓಡುವಂಥದ್ದು. ಮನೆಯ ಟೈಲ್ಸ್ ಮೇಲೆ ಬುಗುರಿಯಂತೆ ತಿರುಗುತ್ತಿತ್ತು. ದೊಡ್ಡಬಳ್ಳಾಪುರದ ಹೊರಗೆ, ರಾಗಿ ಕೊಯ್ದ ಹೊಲಕ್ಕೆ ಇಳಿಸಿದರೆ ನೇರ ಹೋಗುತ್ತಿತ್ತು, ತಿರುಗಿಸಿದರೆ ನಿಂತಲ್ಲೇ ಮಣ್ಣು ಕೆದಕುತ್ತಿತ್ತು. ಪ್ರದರ್ಶನಕ್ಕೆ ಹತ್ತೇ ದಿನ ಉಳಿದಿತ್ತು. "ಮೋಟಾರ್ ವೀಕ್ ಆಗಿದೆ, ಎಸ್.ಪಿ. ರೋಡಿನಿಂದ ಹೊಸ ಜೋಡಿ ತರೋಣ" ಎಂದರು ಭಾಯಿಜಾನ್. 1,400 ರೂಪಾಯಿ. ಅವರು ಮಗ್ಗದಲ್ಲಿ ದುಡಿಯುವವರು. ಅದು ಅವರ ಎರಡು ದಿನದ ಕೂಲಿ. ಖರ್ಚಿನ ಪುಸ್ತಕದಲ್ಲಿ ಅದನ್ನು ಬರೆಯುವ ಮೊದಲು ಕಾರಣ ತಿಳಿಯಬೇಕಿತ್ತು.

ಟ್ಯಾಂಕಿಗೆ ಕಾರಿನಂತೆ ಹೊರಳುವ ಮುಂದಿನ ಚಕ್ರಗಳಿಲ್ಲ. ಎಡ ಬಲದ ಪಟ್ಟಿಗಳ ವೇಗದಲ್ಲಿ ವ್ಯತ್ಯಾಸ ಮಾಡಿಯೇ ತಿರುಗಬೇಕು. ನಮ್ಮ ಕಡೆಯ ಪವರ್ ಟಿಲ್ಲರ್ ನೋಡಿ: ಎಡಗೈಯ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ ಬಲ ನಿಲ್ಲುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. (ಇಳಿಜಾರಿನಲ್ಲಿ ಇದೇ ಉಲ್ಟಾ ಆಗುತ್ತದೆ, ಬಿಟ್ಟ ಚಕ್ರವೇ ಮುಂದೆ ಉರುಳುತ್ತದೆ. ಟಿಲ್ಲರ್ ಹಿಡಿಯುವವರು ಇದನ್ನು ಮರೆಯಬಾರದು.) ಟಿಲ್ಲರಿನ ಚಕ್ರ ನೆಲವನ್ನು ಮುಟ್ಟುವುದು ಗೇಣಿಗಿಂತ ಕಡಿಮೆ ಜಾಗದಲ್ಲಿ, ಆದ್ದರಿಂದ ಸುಲಭವಾಗಿ ತಿರುಗುತ್ತದೆ. ಟ್ಯಾಂಕಿನ ಪಟ್ಟಿ ಉದ್ದಕ್ಕೂ ನೆಲಕ್ಕೆ ಅಂಟಿರುತ್ತದೆ. ತಿರುಗುವಾಗ ಅದರ ನಡುಭಾಗ ಹೆಚ್ಚು ಸರಿಯುವುದಿಲ್ಲ, ಎರಡು ತುದಿಗಳು ಮಾತ್ರ ಅಡ್ಡಡ್ಡ ಉಜ್ಜಿಕೊಂಡು ಹೋಗಬೇಕು. ಟೈಲ್ಸ್ ಮೇಲೆ ಜಾರುತ್ತವೆ. ಹೊಲದಲ್ಲಿ ಪಟ್ಟಿಯ ಪಕ್ಕಕ್ಕೆ ಮಣ್ಣು ಒಡ್ಡಿನಂತೆ ಸೇರಿಕೊಳ್ಳುತ್ತದೆ, ರಾಗಿ ಕೂಳೆ ತಡೆಯುತ್ತದೆ.

ಇದಕ್ಕೆ ಸರಳ ಲೆಕ್ಕವಿದೆ. ನಿಂತಲ್ಲೇ ತಿರುಗಲು ಪ್ರತಿ ಪಟ್ಟಿ ಕೊಡಬೇಕಾದ ಬಲ = ಅಡ್ಡ ಘರ್ಷಣೆ × ತೂಕ × ನೆಲ ಮುಟ್ಟುವ ಉದ್ದ ÷ (4 × ಎರಡು ಪಟ್ಟಿಗಳ ನಡುವಿನ ಅಂತರ). ನಮ್ಮ ಟ್ಯಾಂಕ್ 2 ಕೆ.ಜಿ., ಉದ್ದ 24 ಸೆಂ.ಮೀ., ಅಂತರ 16 ಸೆಂ.ಮೀ. ಟೈಲ್ಸಿಗೆ ಅಡ್ಡ ಘರ್ಷಣೆ 0.4, ಹೊಲಕ್ಕೆ 0.8 ಎಂದು ಅಂದಾಜಿಗೆ ಹಿಡಿಯಿರಿ. ಟೈಲ್ಸಿನಲ್ಲಿ ಬೇಕಾದದ್ದು 0.3 ಕೆ.ಜಿ. ಬಲ, ಹೊಲದಲ್ಲಿ 0.6. ಪ್ರತಿ ಪಟ್ಟಿಯ ಮೇಲಿರುವುದು 1 ಕೆ.ಜಿ. ಭಾರ, ಸಡಿಲ ಮಣ್ಣಿನಲ್ಲಿ ಮುಂದಕ್ಕೆ ತಳ್ಳುವ ಹಿಡಿತ ಅದರ ಅರ್ಧ ಎಂದುಕೊಂಡರೆ ಸಿಗುವುದು 0.5 ಮಾತ್ರ. ಬೇಡಿಕೆ 0.6, ಪೂರೈಕೆ 0.5! ಮೋಟಾರ್ ಎಷ್ಟೇ ದೊಡ್ಡದಿದ್ದರೂ ಈ ಕೊರತೆ ತುಂಬುವುದಿಲ್ಲ. ಹಿಡಿತ ಬರಲೆಂದು ಮೇಲೆ ಕಲ್ಲು ಹೇರಿದರೂ ಪ್ರಯೋಜನವಿಲ್ಲ, ತೂಕ ಎರಡರಷ್ಟಾದರೆ ಎರಡೂ ಅಂಕಿಗಳು ಎರಡರಷ್ಟಾಗುತ್ತವೆ.

ಹಾಗೆಂದು ಮೋಟಾರಿನದ್ದು ಎಂದೂ ತಪ್ಪಲ್ಲ ಎಂದಲ್ಲ. ತಿಳಿಯುವ ಬಗೆ ಹೀಗೆ. ಮೊದಲು ಟ್ಯಾಂಕನ್ನು ಕೈಯಲ್ಲಿ ಎತ್ತಿಹಿಡಿದು ಎರಡೂ ಪಟ್ಟಿಗಳು ಹಿಂದೆ ಮುಂದೆ ಒಂದೇ ವೇಗದಲ್ಲಿ ಓಡುತ್ತವೆಯೇ ನೋಡಿ. ಆಮೇಲೆ ಮಣ್ಣಿನಲ್ಲಿ ತಿರುಗಿಸಿ, ಪಟ್ಟಿಯನ್ನೇ ಗಮನಿಸಿ. ಪಟ್ಟಿ ನಿಂತು ಮೋಟಾರ್ ಗುಂಯ್‌ಗುಟ್ಟಿದರೆ ಬಲ ಸಾಲದು: ಬ್ಯಾಟರಿಯ ವೋಲ್ಟೇಜ್ ತಿರುಗುವಾಗ ಕುಸಿಯುತ್ತದೆಯೇ ಅಳೆಯಿರಿ, ಹಲ್ಲುಚಕ್ರದಲ್ಲಿ ಕಲ್ಲು ಸಿಕ್ಕಿದೆಯೇ ನೋಡಿ. ಪಟ್ಟಿ ಓಡುತ್ತಿದ್ದು ಟ್ಯಾಂಕ್ ಮಾತ್ರ ಕದಲದಿದ್ದರೆ ಹಿಡಿತ ಸಾಲದು. ನಮ್ಮದು ಎರಡನೆಯದು. ಅಂದರೆ 1,400 ರೂಪಾಯಿ ಮಣ್ಣುಪಾಲಾಗುತ್ತಿತ್ತು.

ಬದಲಿಸಬೇಕಾದದ್ದು ಉದ್ದ. ಪ್ರತಿ ಬದಿಗೆ ಐದು ಚಕ್ರಗಳಿವೆ. ನಡುವಿನ ಮೂರಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅಂಟಿಸಿದೆವು. ಮೊದಲ ಮತ್ತು ಕೊನೆಯ ಚಕ್ರ ನೆಲದಿಂದ ಒಂದೂವರೆ ಮಿ.ಮೀ.ನಷ್ಟು ಮೇಲಾದವು. ಭಾರ ಹೊರುವ ಉದ್ದ ಸುಮಾರು 15 ಸೆಂ.ಮೀ.ಗೆ ಇಳಿಯಿತು, ಅದೇ ಲೆಕ್ಕದಲ್ಲಿ ಬೇಕಾದ ಬಲ 0.4ಕ್ಕಿಂತ ಕಡಿಮೆ. ಹಿಂದಿದ್ದ ಬ್ಯಾಟರಿಯನ್ನು ನಡುವಿಗೆ ತಂದೆವು. ಪಟ್ಟಿಯ ಬಿಗಿಯನ್ನು ಭಾಯಿಜಾನ್ ನೋಡಿಕೊಂಡರು. ಮಗ್ಗದ ಬೆಲ್ಟಿನ ಹಾಗೇ ಇದು: ಅತಿ ಬಿಗಿಯಾದರೆ ಮೋಟಾರಿನ ಶಕ್ತಿ ತಿನ್ನುತ್ತದೆ, ಸಡಿಲವಾದರೆ ಕಳಚುತ್ತದೆ. ಬೆರಳಿನಿಂದ ಒತ್ತಿದರೆ ತುಸು ಬಗ್ಗುವಷ್ಟಿರಲಿ ಎಂದರು. ಖರ್ಚು: ಅಂಟಿಗೆ 20 ರೂಪಾಯಿ. ಟ್ಯೂಬ್ ಪಂಕ್ಚರ್ ಅಂಗಡಿಯವರು ಪುಕ್ಕಟೆ ಕೊಟ್ಟರು.

ನಡೆಸುವ ರೀತಿಯೂ ಮುಖ್ಯ. ಒರಟು ನೆಲದಲ್ಲಿ ನಿಂತಲ್ಲೇ ತಿರುಗಿಸುವ ಬದಲು ಸ್ವಲ್ಪ ಮುಂದೆ ಸಾಗುತ್ತಾ ದೊಡ್ಡ ಬಳಸಿನಲ್ಲಿ ತಿರುಗಿಸಿದರೆ ಅಡ್ಡ ಉಜ್ಜಾಟ ಕಡಿಮೆ. 1916ರಲ್ಲಿ ಯುದ್ಧಕ್ಕಿಳಿದ ಬ್ರಿಟಿಷರ ಮೊದಲ ಟ್ಯಾಂಕ್ ಮಾರ್ಕ್ 1 ಅನ್ನು ತಿರುಗಿಸಿ ನಡೆಸಲು ನಾಲ್ಕು ಜನ ಬೇಕಿತ್ತು. 1918ರ ಮಾರ್ಕ್ 5ಕ್ಕೆ ಒಬ್ಬ ಚಾಲಕ ಸಾಕಾಯಿತು. ನಮ್ಮ ಜಿಲ್ಲೆಗೆ ಹತ್ತಿರದ ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದ 2023ರ ಆಗಸ್ಟಿನಲ್ಲಿ ನಡೆಸಿದ ಪ್ರಜ್ಞಾನ್ ರೋವರ್ ಕೂಡ ಎಡ ಬಲದ ಚಕ್ರಗಳ ವೇಗದ ವ್ಯತ್ಯಾಸದಿಂದಲೇ ತಿರುಗುತ್ತಿತ್ತು. 26 ಕೆ.ಜಿ., ಆರು ಚಕ್ರ. ಚಂದ್ರನ ಮೇಲೆ 4 ಮೀಟರ್ ಅಗಲದ ಕುಳಿಯೊಂದು 3 ಮೀಟರ್ ಮುಂದೆ ಕಂಡಾಗ ಅದಕ್ಕೆ ಬಂದ ದಾರಿಯಲ್ಲೇ ಹಿಂದಿರುಗಲು ಆದೇಶ ಕೊಟ್ಟರು. ಅಲ್ಲಿ ಹೋಗಿ ಎತ್ತಿಡುವವರು ಯಾರೂ ಇಲ್ಲವಲ್ಲ!

ನಮ್ಮ ಟ್ಯಾಂಕ್ ಈಗ ರಾಗಿ ಹೊಲದಲ್ಲಿ ಪೂರ್ತಿ ಸುತ್ತು ತಿರುಗುತ್ತದೆ. ಟೈಲ್ಸ್ ಮೇಲೆ ನಿಲ್ಲಿಸಿದರೆ ಮುಂದೆ ಹಿಂದೆ ಸ್ವಲ್ಪ ತೂಗುತ್ತದೆ, ನೇರ ಓಟ ಮೊದಲಿನಷ್ಟು ನೇರವಿಲ್ಲ. ಇದು ಉದ್ದ ಕಡಿಮೆ ಮಾಡಿದ್ದಕ್ಕೆ ಕೊಟ್ಟ ಬೆಲೆ. ಬದುವಿನ ಇಳಿಜಾರಿನಲ್ಲಿ ಅಡ್ಡಲಾಗಿ ತಿರುಗಿಸಿದರೆ ಕೆಳಬದಿಯ ಪಟ್ಟಿ ಇನ್ನೂ ಕಳಚುತ್ತದೆ. ಅದಕ್ಕೆ ಉಪಾಯ ಗೊತ್ತಿದ್ದವರು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಕಾಣಬಹುದು.