ಮೇವಿನ ತಾಕಿನಲ್ಲಿ ತಂತಿಯ ಶೋಧ: ಲೋಹಶೋಧಕದ ಮಣ್ಣು ಹೊಂದಾಣಿಕೆ

ದನಗಳು ಮೇವನ್ನು ಮೊದಲು ಅವಸರದಿಂದ ನುಂಗಿ ಆಮೇಲೆ ಮೆಲುಕು ಹಾಕುತ್ತವೆ. ಮೇವಿನೊಡನೆ ತುಂಡು ತಂತಿ ಹೋದರೂ ಅವಕ್ಕೆ ತಿಳಿಯುವುದಿಲ್ಲ. ತಂತಿಯು ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಗೋಡೆಯನ್ನು ಚುಚ್ಚಿ, ಕೆಲವೊಮ್ಮೆ ವಪೆಯನ್ನೂ ದಾಟಿ ಹೃದಯದ ಚೀಲವನ್ನು ತಲುಪುತ್ತದೆ. ಅಷ್ಟಾದ ಮೇಲೆ ಹಸು ಉಳಿಯುವುದು ಅಪರೂಪ. ಆದುದರಿಂದ ಮುಳ್ಳುತಂತಿಯ ಬೇಲಿ ಕಿತ್ತ ಜಾಗ, ಹಳೆಯ ಟೈರು ಸುಟ್ಟ ಜಾಗ, ರಸಮೇವಿನ ಗುಂಡಿಯ ಸುತ್ತಲಿನ ನೆಲ, ಇಂಥ ಕಡೆ ಮೇವು ಬಿತ್ತುವ ಮುನ್ನ ಲೋಹಶೋಧಕ ಆಡಿಸಿ ತಂತಿ ಆರಿಸುವುದು ಲೇಸು.

ಶೋಧಕದ ಸುರುಳಿಯಿಂದ ಹೊರಡುವ ಕಾಂತಕ್ಷೇತ್ರಕ್ಕೆ ಲೋಹವು ಮರುದನಿ ಕೊಡುತ್ತದೆ. ತೊಡಕೆಂದರೆ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡುಗಳೂ ಮರುದನಿ ಕೊಡುತ್ತವೆ. ಅದನ್ನು ಕಳೆದು ಲೋಹದ ದನಿಯನ್ನಷ್ಟೇ ಉಳಿಸಿಕೊಳ್ಳುವುದಕ್ಕೆ ಮಣ್ಣು ಹೊಂದಾಣಿಕೆ ಎನ್ನಬಹುದು.

ಮಣ್ಣಿನ ಬಣ್ಣ ನೋಡಿ ಮೋಸಹೋಗಬಾರದು. ಕೆಂಪು ಬಣ್ಣ ಕೊಡುವ ಹೆಮಟೈಟಿನ ಕಾಂತಗುಣ ತೀರ ಕಡಿಮೆ. ಗದ್ದಲ ಮಾಡುವವು ಮ್ಯಾಗ್ನಟೈಟ್ ಮತ್ತು ಮ್ಯಾಗ್ಹಮೈಟ್. ಬಸಾಲ್ಟ್ ಕಲ್ಲಿನಿಂದಾದ ಉತ್ತರ ಕರ್ನಾಟಕದ ಎರೆಭೂಮಿ ಕೆಂಪಿಲ್ಲದಿದ್ದರೂ ಶೋಧಕವನ್ನು ಕೂಗಿಸಬಹುದು. ಕಸಕಡ್ಡಿ ಸುಟ್ಟಲ್ಲಿ ಶಾಖದಿಂದ ಮ್ಯಾಗ್ಹಮೈಟ್ ಉಂಟಾಗುತ್ತದೆ. ಟೈರು ಸುಟ್ಟಲ್ಲಿಯೂ ಹೀಗಾಗಿರಬಹುದು. ತಂತಿ ಹೆಚ್ಚಾಗಿ ಇರುವುದೂ ಅಲ್ಲಿಯೇ! ಒಣಮಣ್ಣಿನಲ್ಲಿ ಅಯಸ್ಕಾಂತ ಆಡಿಸಿದಾಗ ಕಪ್ಪು ಮರಳು ಮೆತ್ತಿಕೊಂಡರೆ ಎಚ್ಚರದಿಂದಿರಬೇಕು.

ಸ್ವಯಂಚಾಲಿತ ಹೊಂದಾಣಿಕೆಯಲ್ಲಿ ಎರಡು ಬಗೆ. ಒಂದರಲ್ಲಿ ಗುಂಡಿ ಒತ್ತಿ ಸುರುಳಿಯನ್ನು ಮೇಲೆ ಕೆಳಗೆ ಆಡಿಸಿದರೆ ಯಂತ್ರವು ಮಣ್ಣನ್ನು ಅಳೆದು ಅಲ್ಲಿಗೇ ನಿಲ್ಲಿಸುತ್ತದೆ. ಇನ್ನೊಂದರಲ್ಲಿ ನಡೆಯುತ್ತಿರುವಂತೆಯೇ ಅಳೆಯುತ್ತ ಬದಲಿಸಿಕೊಳ್ಳುತ್ತದೆ. ಹೆಜ್ಜೆಗೊಂದು ಬಗೆಯ ಮಣ್ಣಿರುವಲ್ಲಿ ಈ ಎರಡನೆಯದು ಶ್ರಮ ಉಳಿಸುವುದು ನಿಜ. ಆದರೆ ಸಣ್ಣ ಕಬ್ಬಿಣದ ಚೂರಿನ ಮರುದನಿಯ ಲಕ್ಷಣವು ಮಣ್ಣಿನದಕ್ಕೆ ಬಲು ಹತ್ತಿರ; ತಾಮ್ರದ ನಾಣ್ಯದ್ದು ದೂರ. ಕ್ಷೀಣ ದನಿ ಬಂದಲ್ಲಿ ನಾಲ್ಕಾರು ಬಾರಿ ಸುರುಳಿ ಆಡಿಸಿದರೆ ಯಂತ್ರವು ತಂತಿಯನ್ನೇ ಮಣ್ಣೆಂದು ತಿಳಿದು ಸುಮ್ಮನಾಗಬಹುದು. ದನಿ ಅಡಗಿತೆಂದು ರೈತನೂ ಮುಂದೆ ನಡೆಯುತ್ತಾನೆ.

ತಂತಿ ಹುಡುಕುವವರಿಗೆ ಕೈಹೊಂದಾಣಿಕೆಯೇ ಮೇಲು. ಮೊದಲು ಕಬ್ಬಿಣವನ್ನು ಬೇರ್ಪಡಿಸಿ ಬಿಡುವ ಆಯ್ಕೆಯನ್ನು ತೆಗೆದುಹಾಕಬೇಕು. ನಾಣ್ಯ ಹುಡುಕುವವರಿಗೆ ಅನುಕೂಲವಾದ ಅದು ಇಲ್ಲಿ ಶತ್ರು. ಲೋಹವಿಲ್ಲದ ಜಾಗ ನೋಡಿ ಸುರುಳಿಯನ್ನು ನೆಲದಿಂದ ಒಂದು ಗೇಣು ಎತ್ತಿ, ಇಳಿಸುತ್ತ, ದನಿ ಏರಿಳಿಯದಂತೆ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಪೂರ್ತಿ ನಿಶ್ಶಬ್ದ ಮಾಡುವುದಕ್ಕಿಂತ ಇಳಿಸುವಾಗ ಕಿಂಚಿತ್ ದನಿ ಕೇಳುವಂತೆ ಬಿಡುವುದು ಒಳ್ಳೆಯದು. ತಿರುಪು ಇನ್ನೊಂದು ಕಡೆಗೆ ಹೆಚ್ಚಾದರೆ ಮೊದಲು ಕಳೆದುಹೋಗುವುದು ಸಣ್ಣ ಚೂರುಗಳೇ. ಮಣ್ಣು ಬದಲಾದಲ್ಲಿ ಮತ್ತು ತೇವ ಹೆಚ್ಚಿರುವಲ್ಲಿ ಮತ್ತೆ ಸರಿಪಡಿಸಬೇಕು.

ಇರುವ ಯಂತ್ರದಲ್ಲಿ ತಿರುಪಿಲ್ಲದಿದ್ದರೆ, ನಡೆಯುತ್ತ ಬದಲಿಸಿಕೊಳ್ಳುವುದನ್ನು ತಡೆದು ನಿಲ್ಲಿಸುವ ಗುಂಡಿ ಇದೆಯೇ ನೋಡಿಕೊಳ್ಳತಕ್ಕದ್ದು. ಕೆಲಸಕ್ಕೆ ಮೊದಲು ಅದೇ ತಾಕಿನ ಮಣ್ಣಿನಲ್ಲಿ ಬೆರಳುದ್ದದ ತಂತಿಯನ್ನು ನಾಲ್ಕು ಬೆರಳು ಆಳಕ್ಕೆ ಹೂಳಿ, ಗುರುತಿಗೆ ಕಡ್ಡಿ ನೆಟ್ಟು, ಎರಡೂ ವಿಧಾನದಲ್ಲಿ ಸುರುಳಿ ಆಡಿಸಿ ನೋಡಬೇಕು. ತಂತಿಯ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಆಡಿಸಿದರೆ ದನಿಯ ವ್ಯತ್ಯಾಸ ಕಿವಿಗೆ ಪರಿಚಯವಾಗುತ್ತದೆ. ಪರೀಕ್ಷೆ ಮುಗಿದೊಡನೆ ಆ ತಂತಿಯನ್ನು ಅಗೆದು ತೆಗೆಯಲು ಮರೆಯಬಾರದು.