ಕಾಲಬದ್ಧ ಯಂತ್ರಗಳೂ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯೂ

ಕಾಲವರಿತು ಮಾಡಿದ ಕೆಲಸವೇ ಕೆಲಸ. ಹದ ತಪ್ಪಿದ ಹೊಲದಲ್ಲಿ ಬಿತ್ತಿದ ಬೀಜವು ಎಷ್ಟೇ ಉತ್ತಮವಾದುದಾದರೂ ಫಲ ಕೊಡಲಾರದು. ಈ ಲೋಕನೀತಿಯು ಗಣಕಯಂತ್ರಗಳ ಒಂದು ವರ್ಗಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಮೋಟಾರು ವಾಹನದ ಏರ್‌ಬ್ಯಾಗ್, ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್, ವಿಮಾನದ ನಿಯಂತ್ರಕ ಮೊದಲಾದವುಗಳ ಒಡಲಲ್ಲಿ ಅಡಗಿ ಕೆಲಸ ಮಾಡುವ ಕಿರುಗಣಕಗಳಿಗೆ ‘ಎಂಬೆಡೆಡ್’ ಅಥವಾ ಅಂತರ್ಗತ ಗಣಕಗಳೆಂದು ಹೆಸರು. ಇವುಗಳಲ್ಲಿ ಉತ್ತರವು ಸರಿಯಾಗಿದ್ದರೆ ಸಾಲದು, ನಿಯತ ಕಾಲದೊಳಗೆ ಒದಗಲೂ ಬೇಕು. ಇಂತಹ ನಿಯಮಕ್ಕೊಳಪಟ್ಟ ಕಾರ್ಯವೇ ‘ರಿಯಲ್ ಟೈಮ್’ ಅಥವಾ ಕಾಲಬದ್ಧ ಕಾರ್ಯ.

ಕಾಲಬದ್ಧತೆಯು ಮುಖ್ಯವಾಗಿ ಎರಡು ವಿಧ. ಗಡುವು ಮೀರಿದರೆ ಅನರ್ಥವೇ ಸಂಭವಿಸುವುದು ಕಠಿಣವಾದುದು. ಏರ್‌ಬ್ಯಾಗ್ ಇದಕ್ಕೆ ನಿದರ್ಶನ. ಗಡುವು ಮೀರಿದರೆ ಗುಣ ಮಾತ್ರ ಕುಂದುವುದು ಮೃದುವಾದುದು. ದೂರವಾಣಿಯ ಧ್ವನಿಯು ಕ್ಷಣಕಾಲ ಒಡೆಯುವುದು ಇದಕ್ಕೆ ನಿದರ್ಶನ.

ಇಲ್ಲಿ ಶೀಘ್ರತೆ ಬೇರೆ, ನಿಶ್ಚಿತತೆ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು. ಸಾವಿರ ಸಲ 1 ಮಿಲಿಸೆಕೆಂಡಿನಲ್ಲಿ ಉತ್ತರಿಸಿ, ಮರುಸಲ 200 ಮಿಲಿಸೆಕೆಂಡು ತಡಮಾಡುವ ವ್ಯವಸ್ಥೆಗಿಂತ, ಎಂದಿಗೂ 5 ಮಿಲಿಸೆಕೆಂಡನ್ನು ಮೀರದ ವ್ಯವಸ್ಥೆಯೇ ಇಲ್ಲಿ ಶ್ರೇಷ್ಠ. ಸರಾಸರಿ ಕಾಲವನ್ನಲ್ಲ, ಅತಿ ವಿಳಂಬದ ಕಾಲವನ್ನು ಅಳೆದು ಆಯ್ಕೆ ಮಾಡತಕ್ಕದ್ದು.

ಆಯ್ಕೆ ಉತ್ತಮವಾಗಿದ್ದರೂ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಮಾರ್ಸ್ ಪಾತ್‌ಫೈಂಡರ್ ನೌಕೆಯೇ ಸಾಕ್ಷಿ. 1997ರ ಜುಲೈ 4ರಂದು ಮಂಗಳಗ್ರಹದಲ್ಲಿಳಿದ ಆ ನೌಕೆಯ ಗಣಕದಲ್ಲಿ ವಿಎಕ್ಸ್‌ವರ್ಕ್ಸ್ ಎಂಬ ಹೆಸರಾಂತ ಕಾಲಬದ್ಧ ವ್ಯವಸ್ಥೆಯಿತ್ತು. ಆದರೂ ಕೆಲವೇ ದಿನಗಳಲ್ಲಿ ಗಣಕವು ಮತ್ತೆ ಮತ್ತೆ ತಾನಾಗಿಯೇ ಪುನರಾರಂಭಗೊಳ್ಳತೊಡಗಿತು. ಕಾರಣವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ದಾಸೋಹದ ಉಗ್ರಾಣದ ಬೀಗದ ಕೈ ಕಿರಿಯ ಪರಿಚಾರಕನಲ್ಲಿದೆ. ಮುಖ್ಯ ಅಡುಗೆಯವನು ಅದಕ್ಕಾಗಿ ಕಾದಿದ್ದಾನೆ. ಅಷ್ಟರಲ್ಲಿ ನಡುವಣ ದರ್ಜೆಯವನೊಬ್ಬನು ಕಿರಿಯನನ್ನು ತಡೆದು ತನ್ನ ಕೆಲಸವನ್ನೇ ನಡೆಸಿದರೆ, ಎಲ್ಲರಿಗಿಂತ ಹಿರಿಯನಾದವನ ಕೆಲಸವೇ ನಿಲ್ಲುತ್ತದೆ. ಪಂಕ್ತಿಯಲ್ಲಿ ಕುಳಿತವರು ಹಸಿದಿರುತ್ತಾರೆ. ನೌಕೆಯಲ್ಲಿ ಹವಾಮಾನದ ಅಂಕಿ ಅಂಶ ಕೂಡಿಸುವ ಕಿರಿಯ ಕಾರ್ಯವು ಇಂತಹ ಒಂದು ಕೀಲಿಯನ್ನು ಹಿಡಿದಿತ್ತು. ಮಾಹಿತಿ ಸಾಗಿಸುವ ಹಿರಿಯ ಕಾರ್ಯವು ಅದಕ್ಕಾಗಿ ಕಾದಿತ್ತು. ಸಂಪರ್ಕದ ಮಧ್ಯಮ ಕಾರ್ಯವು ನಡುವೆ ಬಂದು ಕಿರಿಯದನ್ನು ತಡೆಯಿತು. ಗಡುವು ಮೀರಿದುದನ್ನು ಕಂಡ ಕಾವಲು ವ್ಯವಸ್ಥೆಯು ಗಣಕವನ್ನೇ ಪುನರಾರಂಭಿಸಿತು. ಇದಕ್ಕೆ ‘ಆದ್ಯತಾ ವಿಪರ್ಯಯ’ ಎನ್ನಬಹುದು.

ಪರಿಹಾರವು ಸುಂದರವಾದುದು. ಹಿರಿಯನಿಗೆ ಬೇಕಾದ ಕೀಲಿ ಕಿರಿಯನ ಕೈಯಲ್ಲಿರುವಷ್ಟು ಹೊತ್ತು ಕಿರಿಯನಿಗೂ ಹಿರಿಯನ ಆದ್ಯತೆಯನ್ನೇ ಕೊಡುವುದು. ಈ ಸೌಲಭ್ಯವು ಆ ವ್ಯವಸ್ಥೆಯಲ್ಲಿ ಇದ್ದೇ ಇತ್ತು; ಆ ಕೀಲಿಗೆ ಮಾತ್ರ ಅದನ್ನು ಜಾರಿಗೊಳಿಸಿರಲಿಲ್ಲ. ವಿಜ್ಞಾನಿಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ದೋಷವನ್ನು ಮರುಕಳಿಸುವಂತೆ ಮಾಡಿ ಕಂಡುಕೊಂಡು, ತಿದ್ದುಪಡಿಯನ್ನು ಮಂಗಳಕ್ಕೇ ರವಾನಿಸಿದರು.

ಇದರಿಂದ ಆಯ್ಕೆಯ ಕ್ರಮವು ಸ್ಪಷ್ಟವಾಗುತ್ತದೆ. ಮೊದಲು, ವ್ಯವಸ್ಥೆಯೇ ಬೇಕೋ ಎಂದು ಕೇಳಿಕೊಳ್ಳಬೇಕು. ಒಂದೆರಡು ಸರಳ ಕೆಲಸಗಳಿಗೆ ಸುತ್ತಿ ಸುತ್ತಿ ನಡೆಯುವ ಒಂದೇ ಕ್ರಮವಿಧಿ ಸಾಕು. ಎರಡನೆಯದು, ಗಡುವು ಕಠಿಣವೋ ಮೃದುವೋ. ಮೂರನೆಯದು, ಸ್ಮೃತಿಕೋಶದ ಅಳತೆ. ಕೆಲವೇ ಕಿಲೋಬೈಟ್‌ಗಳಲ್ಲಿ ಅಡಕವಾಗಬೇಕಾದರೆ 2003ರಲ್ಲಿ ಬಂದ ಫ್ರೀಆರ್‌ಟಿಒಎಸ್‌ನಂತಹುದು ಯೋಗ್ಯ. ಜಾಲಸಂಪರ್ಕ, ಕಡತವ್ಯವಸ್ಥೆಗಳ ಸಂಪತ್ತು ಬೇಕಾದರೆ ಲಿನಕ್ಸ್ ಯೋಗ್ಯ. ಲಿನಕ್ಸ್‌ನ ಕಾಲಬದ್ಧ ತಿದ್ದುಪಡಿಯು ದೀರ್ಘಕಾಲ ಹೊರಗುಳಿದಿದ್ದು, 2024ರಲ್ಲಿ ಅದರ ಮೂಲದೊಳಗೇ ಸೇರಿತು. ನಾಲ್ಕನೆಯದು, ಒಂದು ಕಾರ್ಯದ ದೋಷವು ಮತ್ತೊಂದನ್ನು ಕೆಡಿಸದಂತಹ ರಕ್ಷಣೆ. ಐದನೆಯದು, ವಿಮಾನ, ವಾಹನ, ವೈದ್ಯಕೀಯ ಯಂತ್ರಗಳಲ್ಲಿ ಸುರಕ್ಷಾ ಪ್ರಮಾಣೀಕರಣಕ್ಕೆ ಬೇಕಾದ ಆಧಾರಗಳು. ಕಡೆಯದಾಗಿ, ಯಂತ್ರವು ಬಾಳುವ ಹತ್ತಿಪ್ಪತ್ತು ವರ್ಷವೂ ವ್ಯವಸ್ಥೆಯನ್ನು ತಿದ್ದಿ ಕಾಪಾಡುವವರಿರುವರೇ ಎಂಬ ವಿಚಾರ.

ಹೆಸರನ್ನು ನೋಡಿ ಆರಿಸುವುದಲ್ಲ, ಕೆಲಸವನ್ನು ಅರಿತು ಆರಿಸುವುದೇ ವಿವೇಕ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ತತ್ತ್ವವನ್ನು ಕೇಳಿ ಬೆಳೆದ ವಿದ್ಯಾರ್ಥಿಗೆ ಪಾತ್‌ಫೈಂಡರ್‌ನ ಪಾಠವು ಹೊಸತೆನಿಸದು: ಕಿರಿಯನ ಕೈಯಲ್ಲಿರುವ ಕೆಲಸಕ್ಕೆ ತಕ್ಕ ಗೌರವ ದೊರೆಯದಿದ್ದರೆ ಹಿರಿಯನ ಕೆಲಸವೂ ಕೆಡುತ್ತದೆ.