ಮೆಂತ್ಯದ ಬೇರಿನ ಗೆಳೆಯ

ಮಕ್ಕಳೇ, ಏಪ್ರಿಲ್ ಬಿಸಿಲಿಗೆ ಕೆರೂರಿನ ಹೊಲಗಳಲ್ಲಿ ಮೆಂತ್ಯದ ತಪ್ಪಲು ಬಾಡುವುದನ್ನು ನೋಡಿದ್ದೀರಲ್ಲವೇ? ಎಲೆಯು ನೀರನ್ನು ಆವಿಯಾಗಿ ಬಿಟ್ಟು ತಂಪಾಗಿರುತ್ತದೆ. ನೀರು ಸಾಲದಾದಾಗ ಎಲೆಯ ಪತ್ರರಂಧ್ರಗಳು ಮುಚ್ಚುತ್ತವೆ, ಎಲೆ ಬಿಸಿಯಾಗುತ್ತದೆ.

ಆಗ ನೆರವಿಗೆ ಬರುವುದು ಮೈಕೊರೈಜಾ ಎಂಬ ಬೇರು ಶಿಲೀಂಧ್ರ. ಇದರ ಎಳೆಗಳು ಬೇರುರೋಮಕ್ಕಿಂತ ತೆಳು. ರೋಮ ತೂರಲಾಗದ ಮಣ್ಣಿನ ಸಂದುಗಳಿಂದಲೂ ನೀರು, ರಂಜಕ ತರುತ್ತವೆ. ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಬಾಗ್ಯರಾಜ್ ಇದನ್ನು ದಶಕಗಳ ಕಾಲ ಅಭ್ಯಸಿಸಿದರು.

ಪಾಲಕ, ಮೂಲಂಗಿಗಳಿಗೆ ಮಾತ್ರ ಈ ಗೆಳೆತನ ಒಗ್ಗದು! ಅವಕ್ಕೆ ನೆರಳು, ನೀರೇ ಗತಿ. ಮೆಂತ್ಯಕ್ಕೂ ರಂಜಕದ ಗೊಬ್ಬರ ಅತಿಯಾದರೆ ಶಿಲೀಂಧ್ರ ಬೇರಿನಲ್ಲಿ ಕಡಿಮೆಯಾಗುತ್ತದೆ.

ಮೆಂತ್ಯ ಕಿತ್ತಾಗ ಕಾಣುವ ಬೇರುಗಂಟುಗಳು ಇವಲ್ಲ. ಅವು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳ ಮನೆ. ಶಿಲೀಂಧ್ರದ ಎಳೆ ನೋಡಲು ಸೂಕ್ಷ್ಮದರ್ಶಕವೇ ಬೇಕು.